ಹ್ಯಾಮ್‌ಸ್ಟರಿಗೆ ಕೊಡುವ ತಿನಿಸು: ಒಂದು ಸಣ್ಣ ಹೊಟ್ಟೆಯ ಲೆಕ್ಕ

ತಾನು ಉಣ್ಣುವಾಗ ಹತ್ತಿರ ಬಂದ ಪ್ರಾಣಿಗೆ ಒಂದು ತುತ್ತನ್ನು ಹಾಕುವುದು ಮನುಷ್ಯನಿಗೆ ಸಹಜವಾದ ಗುಣ. ನಾಯಿಗೆ ಒಂದು ಚೂರು ರೊಟ್ಟಿಯನ್ನೋ ಹಸುವಿಗೆ ಒಂದು ಬಾಳೆಯ ಹಣ್ಣನ್ನೋ ಕೊಟ್ಟರೆ ಅವುಗಳ ಗಾತ್ರದ ಮುಂದೆ ಆ ತುತ್ತು ಲೆಕ್ಕಕ್ಕೇ ಬಾರದು. ಆದರೆ ಅದೇ ಕೈ ಅದೇ ಪ್ರೀತಿಯಿಂದ ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಪ್ರಾಣಿಯೊಂದರ ಕಡೆಗೆ ಚಾಚಿದಾಗ ಲೆಕ್ಕ ಪೂರ್ತಿಯಾಗಿ ಬದಲಾಗುತ್ತದೆ. ಈಚಿನ ವರ್ಷಗಳಲ್ಲಿ ನಮ್ಮ ಪಟ್ಟಣಗಳ ಮನೆಗಳಲ್ಲಿಯೂ ಕಾಣಬರುತ್ತಿರುವ ಹ್ಯಾಮ್‌ಸ್ಟರ್ ಅಂಥ ಪ್ರಾಣಿ. ಅದರ ನಿತ್ಯದ ಆಹಾರದ ವಿಷಯದಲ್ಲಿ ಸಾಕುವವರು ಸಾಮಾನ್ಯವಾಗಿ ಎಚ್ಚರದಿಂದಲೇ ಇರುತ್ತಾರೆ. ಅಂಗಡಿಯಿಂದ ತಂದ ಕಾಳು ಉಂಡೆಗಳನ್ನು ಅಳತೆಯಂತೆ ಹಾಕುತ್ತಾರೆ. ಅಪಾಯ ಬರುವುದು ಊಟದಿಂದಲ್ಲ, ಊಟದ ನಡುವೆ ಮುದ್ದಿಗಾಗಿ ಕೊಡುವ ತಿನಿಸಿನಿಂದ. ಆದುದರಿಂದ ಆ ತಿನಿಸನ್ನೇ ನಾವು ಇಲ್ಲಿ ಪರಿಶೀಲಿಸೋಣ.

ಹ್ಯಾಮ್‌ಸ್ಟರ್ ಇಲಿ ಅಳಿಲುಗಳಂತೆ ದಂಶಕ ವರ್ಗಕ್ಕೆ ಸೇರಿದ ಸ್ತನಿ. ಒಂದೇ ಹೆಸರಿನಿಂದ ಕರೆದರೂ ಮನೆಗಳಲ್ಲಿ ಸಾಕುವುವು ಒಂದೇ ಜಾತಿಯವಲ್ಲ. ಹೊಂಬಣ್ಣದ ಸಿರಿಯಾ ಹ್ಯಾಮ್‌ಸ್ಟರ್ ಬೆಳೆದಾಗ ಸುಮಾರು 100ರಿಂದ 150 ಗ್ರಾಂ ತೂಗುತ್ತದೆ. ಕೆಲವು ಇನ್ನೂ ಹೆಚ್ಚು ತೂಗುವುದುಂಟು. ಕುಳ್ಳ ಹ್ಯಾಮ್‌ಸ್ಟರುಗಳೆಂದು ಮಾರುವ ಜಾತಿಗಳು 25ರಿಂದ 50 ಗ್ರಾಂ ಮಾತ್ರ. ಆಯುಷ್ಯ ಎರಡು ಅಥವಾ ಮೂರು ವರ್ಷ. ಈ ತೂಕಗಳನ್ನು ವಾಚಕರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಮುಂದಿನ ಲೆಕ್ಕವೆಲ್ಲ ಇವುಗಳ ಮೇಲೆಯೇ ನಿಂತಿದೆ.

ಒಂದು ಗೋಧಿಯ ಹೊಲದಿಂದ

ಈ ಪ್ರಾಣಿ ಮನೆಗೆ ಬಂದ ಬಗೆ ವಿಚಿತ್ರವಾದುದು. ಅದರ ತವರು ಸಿರಿಯಾ ದೇಶದ ಅಲೆಪ್ಪೊ ನಗರದ ಸುತ್ತಲಿನ ಪ್ರಸ್ಥಭೂಮಿ ಮತ್ತು ಅದಕ್ಕೆ ತಗುಲಿದ ತುರ್ಕಿಯ ಗಡಿನಾಡು. 1839ರಲ್ಲಿ ಜಾರ್ಜ್ ವಾಟರ್‌ಹೌಸ್ ಎಂಬ ಆಂಗ್ಲ ವಿಜ್ಞಾನಿ ಅದನ್ನು ಹೊಸ ಜಾತಿಯೆಂದು ವರ್ಣಿಸಿದನು. ಆಮೇಲೆ ಬಹುಕಾಲ ಅದನ್ನು ಯಾರೂ ಹೆಚ್ಚಾಗಿ ಗಮನಿಸಲಿಲ್ಲ. 1930ರಲ್ಲಿ ಜೆರುಸಲೆಮ್ಮಿನ ಹೀಬ್ರೂ ವಿಶ್ವವಿದ್ಯಾಲಯದ ಸಾಲ್ ಆ್ಯಡ್ಲರ್ ಎಂಬ ಪರೋಪಜೀವಿಶಾಸ್ತ್ರಜ್ಞನಿಗೆ ಕಾಲಾ ಆಜಾರ್ ರೋಗದ ಜೀವಿಗಳನ್ನು ಅಭ್ಯಸಿಸಲು ಒಂದು ಪ್ರಾಣಿ ಬೇಕಾಯಿತು. ಬಂಗಾಳ, ಬಿಹಾರ, ಅಸ್ಸಾಮುಗಳಲ್ಲಿ ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡ ರೋಗವಿದು. ಹೆಸರೇ ನಮ್ಮ ದೇಶದ್ದು. ಆ ಮೊದಲು ಬಳಸುತ್ತಿದ್ದ ಚೀನಾ ಹ್ಯಾಮ್‌ಸ್ಟರುಗಳು ಪಂಜರದಲ್ಲಿ ಮರಿಹಾಕುತ್ತಿರಲಿಲ್ಲ. ಆ್ಯಡ್ಲರನ ಕೋರಿಕೆಯ ಮೇರೆಗೆ ಇಸ್ರೇಲ್ ಅಹರೋನಿ ಎಂಬ ಪ್ರಾಣಿಶಾಸ್ತ್ರಜ್ಞ ಅಲೆಪ್ಪೊ ಬಳಿಯ ಒಂದು ಗೋಧಿಯ ಹೊಲವನ್ನು ಅಗೆಸಿ, ಆಳವಾದ ಬಿಲದಿಂದ ಒಂದು ತಾಯಿಯನ್ನೂ ಹನ್ನೊಂದು ಮರಿಗಳನ್ನೂ ಹಿಡಿದನು. ಗಾಬರಿಗೊಂಡ ತಾಯಿ ಒಂದು ಮರಿಯನ್ನು ಕಚ್ಚಿ ಕೊಂದಿತು. ಉಳಿದವನ್ನು ಉಳಿಸಲು ತಾಯಿಯನ್ನೇ ಕೊಲ್ಲಬೇಕಾಯಿತು. ಕಣ್ಣು ತೆರೆಯದ ಹತ್ತು ಮರಿಗಳನ್ನು ಕೈಯಿಂದ ಸಾಕಿದರು, ಕೆಲವು ತಪ್ಪಿಸಿಕೊಂಡುವು. ಉಳಿದ ಬೆರಳೆಣಿಕೆಯಷ್ಟರಿಂದ ಒಂದು ವರ್ಷದೊಳಗೆ ಸುಮಾರು 150 ಹ್ಯಾಮ್‌ಸ್ಟರುಗಳಾದುವು. 1931ರಲ್ಲಿ ಅವು ಇಂಗ್ಲೆಂಡನ್ನು ಮುಟ್ಟಿದುವು. ಇಂದು ಲೋಕದ ಮನೆಗಳಲ್ಲಿಯೂ ಪ್ರಯೋಗಾಲಯಗಳಲ್ಲಿಯೂ ಇರುವ ಹೊಂಬಣ್ಣದ ಹ್ಯಾಮ್‌ಸ್ಟರುಗಳು ಬಹುಮಟ್ಟಿಗೆ ಆ ಒಂದೇ ಬಿಲದ ಸಂತತಿ. ಕಾಡಿನಲ್ಲಿರುವ ಅವುಗಳ ಬಂಧುಗಳಾದರೋ ಅಳಿವಿನ ಅಂಚಿನತ್ತ ಸಾಗಿವೆ.

ಈ ಚರಿತ್ರೆಯನ್ನು ಹೇಳಿದ್ದಕ್ಕೆ ಕಾರಣವುಂಟು. ತಲೆಮಾರುಗಳು ಎಷ್ಟೇ ಕಳೆದಿದ್ದರೂ ಪಂಜರದ ಹ್ಯಾಮ್‌ಸ್ಟರಿನ ಶರೀರ ಆ ಒಣ ಪ್ರಸ್ಥಭೂಮಿಯ ಶರೀರವೇ. ಅಲ್ಲಿ ಬೀಜ, ಕಾಳು, ಒಣಹುಲ್ಲು, ಆಗಾಗ ಒಂದು ಹುಳು ಅಥವಾ ಎಳೆಯ ಚಿಗುರು ಸಿಕ್ಕುತ್ತಿದ್ದುವು. ಅವನ್ನು ಹುಡುಕಲು ಓಡಾಡಬೇಕಾಗಿತ್ತು. ಹೊಳೆಯುವ ಸಕ್ಕರೆಯ ಮಿಠಾಯಿಯೂ ಎಣ್ಣೆಯಲ್ಲಿ ಕರಿದ ಚಕ್ಕುಲಿಯೂ ಆ ಹೊಟ್ಟೆಗೆ ಪರಿಚಯವಿಲ್ಲ. ಸಿಕ್ಕಿದ್ದನ್ನು ಬಿಡಬಾರದೆಂಬ ಬುದ್ಧಿ ಮಾತ್ರ ಹಾಗೆಯೇ ಉಳಿದಿದೆ.

ಕೆನ್ನೆಯ ಚೀಲ

ಹ್ಯಾಮ್‌ಸ್ಟರ್ ಎಂಬ ಹೆಸರಿನಿಂದಲೇ ಜರ್ಮನ್ ಭಾಷೆಯಲ್ಲಿ ಕೂಡಿಡು ಎಂಬರ್ಥದ ಕ್ರಿಯಾಪದವೊಂದು ಹುಟ್ಟಿದೆ. ಅದರ ಎರಡೂ ಕೆನ್ನೆಗಳ ಒಳಗೆ ಹೆಗಲಿನವರೆಗೂ ಹಿಂದಕ್ಕೆ ಹೋಗುವ ತೆಳುವಾದ ಚರ್ಮದ ಚೀಲಗಳಿವೆ. 1794ರಲ್ಲಿ ಅಚ್ಚಾದ ಅಲೆಪ್ಪೊವಿನ ನಿಸರ್ಗಚರಿತ್ರೆಯ ಎರಡನೆಯ ಆವೃತ್ತಿಯಲ್ಲಿ ಇದರ ಸೊಗಸಾದ ವರ್ಣನೆಯಿದೆ. ಅಲೆಪ್ಪೊವಿನಲ್ಲಿ ವೈದ್ಯರಾಗಿದ್ದ ರಸೆಲ್ ಸೋದರರ ಗ್ರಂಥವದು. ಒಂದು ಹ್ಯಾಮ್‌ಸ್ಟರನ್ನು ಛೇದಿಸಿ ನೋಡಿದಾಗ ಎರಡೂ ಚೀಲಗಳಲ್ಲಿ ಎಳೆಯ ಹುರುಳಿಕಾಯಿಗಳು ಉದ್ದುದ್ದವಾಗಿ, ಒಂದಕ್ಕೊಂದು ತಾಗಿದಂತೆ ಜೋಡಿಸಲ್ಪಟ್ಟಿದ್ದುವಂತೆ. ಹೊರತೆಗೆದು ಸಡಿಲವಾಗಿ ಮೇಜಿನ ಮೇಲೆ ಹರಡಿದಾಗ ಪ್ರಾಣಿಯ ಮೈಗಿಂತ ಮೂರು ಪಾಲು ದೊಡ್ಡ ರಾಶಿಯಾಯಿತಂತೆ.

ಇದರಿಂದ ಎರಡು ಸಂಗತಿಗಳನ್ನು ನಾವು ತಿಳಿಯಬೇಕು. ಮೊದಲನೆಯದಾಗಿ, ಹ್ಯಾಮ್‌ಸ್ಟರ್ ಕೊಟ್ಟದ್ದನ್ನು ಬಾಯಿಗೆ ಹಾಕಿಕೊಂಡಿತೆಂದರೆ ಅದು ತಿಂದಿತೆಂದು ಅರ್ಥವಲ್ಲ, ಹಸಿದಿತ್ತೆಂದೂ ಅರ್ಥವಲ್ಲ. ಇನ್ನೂ ಬೇಡುತ್ತಿದೆ ಎಂದು ತಿಳಿದು ಮಕ್ಕಳು ಒಂದರ ಮೇಲೊಂದರಂತೆ ಕೊಡುತ್ತಾರೆ. ಅದು ಸಾಗಿಸುತ್ತಲೇ ಇರುತ್ತದೆ. ಪ್ರಯೋಗಗಳಲ್ಲಿ ಕಂಡುಬಂದ ಒಂದು ಸ್ವಾರಸ್ಯ: ಉಪವಾಸ ಕೆಡವಿದ ಇಲಿ ಮತ್ತೆ ಆಹಾರ ದೊರೆತಾಗ ಹೆಚ್ಚು ತಿನ್ನುತ್ತದೆ, ಹೊಂಬಣ್ಣದ ಹ್ಯಾಮ್‌ಸ್ಟರಾದರೋ ಹೆಚ್ಚು ತಿನ್ನುವುದಿಲ್ಲ, ಹೆಚ್ಚು ಕೂಡಿಡುತ್ತದೆ. ಎರಡನೆಯದಾಗಿ, ಚೀಲದ ಒಳಮೈ ಬಹು ನಾಜೂಕಾದುದು. ಅಂಟುವ ಪದಾರ್ಥ ಅಲ್ಲಿ ಸಿಕ್ಕಿಕೊಂಡರೆ ಹೊರಕ್ಕೆ ತಳ್ಳಲಾಗದೆ ಕೊಳೆತು ಹುಣ್ಣಾಗುತ್ತದೆ. ಬೆಲ್ಲದ ಪಾಕ, ಜೇನು, ಕಡಲೆಕಾಯಿಯ ಬೆಣ್ಣೆ, ಮೆತ್ತನೆಯ ಮಿಠಾಯಿ, ಖರ್ಜೂರ ಇವುಗಳನ್ನು ದೂರವಿಡಬೇಕಾದ ಮೊದಲ ಕಾರಣ ಇದೇ. ಚೂಪಾದ ಸಿಪ್ಪೆ, ಓಟೆ, ಒಡೆದ ಗಟ್ಟಿ ಚೂರುಗಳು ಚೀಲವನ್ನು ಚುಚ್ಚಬಲ್ಲವು. ಒಂದು ಕೆನ್ನೆ ಉಬ್ಬಿ, ಮರುದಿನವೂ ಹಾಗೆಯೇ ಇದ್ದರೆ ಬೆರಳು ಹಾಕಿ ಕೆದಕದೆ ಪಶುವೈದ್ಯರಲ್ಲಿಗೆ ಒಯ್ಯತಕ್ಕದ್ದು.

ಜಠರದಲ್ಲಿಯೂ ಒಂದು ವಿಶೇಷವಿದೆ. ಅದು ಎರಡು ಭಾಗಗಳಾಗಿದ್ದು, ಮುಂದಿನ ಭಾಗದಲ್ಲಿ ಸೂಕ್ಷ್ಮಜೀವಿಗಳು ಆಹಾರವನ್ನು ಹುಳಿಯಿಸುತ್ತವೆ. ಹಸುವಿನ ಹೊಟ್ಟೆಯ ಮೊದಲ ಕೋಣೆಯನ್ನು ಇದು ಸ್ವಲ್ಪಮಟ್ಟಿಗೆ ಹೋಲುತ್ತದೆ. ಕರುಳಿನ ಸೂಕ್ಷ್ಮಜೀವಿಗಳ ಸಮತೋಲವೂ ಬಹು ಸೂಕ್ಷ್ಮವಾದುದು. ಒಮ್ಮೆಗೇ ಹೊಸ ಆಹಾರವನ್ನು, ಅದರಲ್ಲಿಯೂ ನೀರು ತುಂಬಿದ ಹಣ್ಣನ್ನೋ ಸೊಪ್ಪನ್ನೋ, ಹೆಚ್ಚಾಗಿ ಕೊಟ್ಟರೆ ಭೇದಿಯಾಗುತ್ತದೆ. ಹಾಲು ಬಿಟ್ಟು ಹೆಚ್ಚು ದಿನವಾಗದ ಮರಿಗಳಲ್ಲಿ ಒದ್ದೆ ಬಾಲದ ರೋಗವೆಂದು ಕರೆಯುವ ಕರುಳಿನ ಬೇನೆ ಎರಡು ಮೂರು ದಿನಗಳಲ್ಲಿಯೇ ಕೊಲ್ಲಬಹುದು. ಅದರ ಮೂಲ ಒಂದು ಬ್ಯಾಕ್ಟೀರಿಯ. ಆದರೆ ಪ್ರಯಾಣದ ದಣಿವು, ಸ್ಥಳದ ಬದಲಾವಣೆ, ಆಹಾರದ ಬದಲಾವಣೆ ಅದಕ್ಕೆ ದಾರಿ ಮಾಡಿಕೊಡುತ್ತವೆ. ಅಂಗಡಿಯಿಂದ ತಂದ ದಿನವೇ ಸಂತೋಷದಿಂದ ಸೌತೆಕಾಯಿ, ಕಲ್ಲಂಗಡಿಗಳನ್ನು ಹಾಕುವುದು ಆದುದರಿಂದಲೇ ಸಲ್ಲದು. ಮೊದಲ ವಾರ ಅದು ಹಿಂದೆ ತಿನ್ನುತ್ತಿದ್ದ ಕಾಳನ್ನೇ ತಿನ್ನಲಿ. ಪ್ರಸಂಗವಶಾತ್ ಇನ್ನೊಂದು ಮಾತು: ಮನೆಯಲ್ಲಿ ಉಳಿದ ಪೆನಿಸಿಲಿನ್ ಜಾತಿಯ ಔಷಧವನ್ನು ಹ್ಯಾಮ್‌ಸ್ಟರಿಗೆ ಎಂದಿಗೂ ಕೊಡಕೂಡದು. ಒಳ್ಳೆಯ ಸೂಕ್ಷ್ಮಜೀವಿಗಳು ಸತ್ತು, ವಿಷಕಾರಿಗಳು ಬೆಳೆದು ಪ್ರಾಣಿ ಸಾಯುತ್ತದೆ. ಇಷ್ಟಲ್ಲದೆ, ದಂಶಕಗಳಿಗೆ ವಾಂತಿಮಾಡುವ ಶಕ್ತಿಯಿಲ್ಲ. ನಾಯಿ ಕೆಟ್ಟದ್ದನ್ನು ತಿಂದರೆ ಕಕ್ಕಬಹುದು. ಹ್ಯಾಮ್‌ಸ್ಟರಿಗೆ ಒಳಹೋದದ್ದು ಒಳಹೋದದ್ದೇ.

ಎಷ್ಟು?

ಈಗ ಲೆಕ್ಕಕ್ಕೆ ಬರೋಣ. 60 ಕಿಲೊಗ್ರಾಂ ತೂಗುವ ಮನುಷ್ಯ 120 ಗ್ರಾಂ ಹ್ಯಾಮ್‌ಸ್ಟರಿಗಿಂತ 500 ಪಾಲು ಭಾರ. ಆದುದರಿಂದ ಹ್ಯಾಮ್‌ಸ್ಟರಿಗೆ ಒಂದು ಗ್ರಾಂ ಗೋಡಂಬಿ ಕೊಟ್ಟರೆ ಮನುಷ್ಯನಿಗೆ ಅರ್ಧ ಕಿಲೊಗ್ರಾಂ ಕೊಟ್ಟಂತೆ ಎಂದು ಕೆಲವರು ಹೆದರಿಸುವುದುಂಟು. ಇದು ಸರಿಯಲ್ಲ. ಚಿಕ್ಕ ಪ್ರಾಣಿಯ ದೇಹ ತನ್ನ ತೂಕಕ್ಕೆ ಹೋಲಿಸಿದರೆ ಹೆಚ್ಚು ವೇಗವಾಗಿ ಶಕ್ತಿಯನ್ನು ಖರ್ಚುಮಾಡುತ್ತದೆ. 1932ರಲ್ಲಿ ಮ್ಯಾಕ್ಸ್ ಕ್ಲೈಬರ್ ತೋರಿಸಿದಂತೆ, ವಿಶ್ರಾಂತಿಯಲ್ಲಿರುವ ಸ್ತನಿಯ ಶಕ್ತಿವ್ಯಯ ದೇಹದ ತೂಕದ ಮುಕ್ಕಾಲನೆಯ ಘಾತಕ್ಕೆ ಅನುಗುಣವಾಗಿರುತ್ತದೆ. ಒಂದು ಸಂಖ್ಯೆಯ ಮುಕ್ಕಾಲನೆಯ ಘಾತವನ್ನು ಕಾಣುವುದು ಕಷ್ಟವಲ್ಲ: ಅದರ ವರ್ಗಮೂಲವನ್ನು ತೆಗೆಯಿರಿ, ಆ ವರ್ಗಮೂಲಕ್ಕೆ ಮತ್ತೊಮ್ಮೆ ವರ್ಗಮೂಲವನ್ನು ತೆಗೆಯಿರಿ, ಎರಡನ್ನೂ ಗುಣಿಸಿರಿ. 500ರ ವರ್ಗಮೂಲ 22.36, ಅದರ ವರ್ಗಮೂಲ 4.73, ಗುಣಲಬ್ಧ ಸುಮಾರು 106. ಎಂದರೆ, ಶಕ್ತಿಯ ದೃಷ್ಟಿಯಿಂದ ಹ್ಯಾಮ್‌ಸ್ಟರಿನ ಒಂದು ಗ್ರಾಂ ನಮ್ಮ ನೂರು ಗ್ರಾಂಗಿಂತ ಸ್ವಲ್ಪ ಹೆಚ್ಚು. ಐನೂರು ಅಲ್ಲದಿದ್ದರೂ ನೂರೇನು ಕಡಮೆಯಲ್ಲ!

ತೂಕವನ್ನು ಕಿಲೊಗ್ರಾಮಿನಲ್ಲಿ ಬರೆದು, ಅದರ ಮುಕ್ಕಾಲನೆಯ ಘಾತವನ್ನು 70ರಿಂದ ಗುಣಿಸಿದರೆ ವಿಶ್ರಾಂತಿಯ ದಿನವೊಂದಕ್ಕೆ ಬೇಕಾದ ಕಿಲೊಕ್ಯಾಲೊರಿಗಳು ದೊರೆಯುತ್ತವೆ. 0.12 ಕಿಲೊಗ್ರಾಮಿಗೆ ಇದು ಸುಮಾರು 14. ಓಡಾಟಕ್ಕೆಂದು ಅದನ್ನು ಸ್ಥೂಲವಾಗಿ ಇಮ್ಮಡಿ ಮಾಡಿದರೆ 28, ಸುಲಭಕ್ಕಾಗಿ 30 ಎನ್ನೋಣ. ಈ ಪ್ರಾಣಿ ದಿನಕ್ಕೆ ಸುಮಾರು 10 ಗ್ರಾಂ ಒಣ ಆಹಾರವನ್ನು ತಿನ್ನುತ್ತದೆ ಎಂಬ ಸಾಕುವವರ ಅನುಭವಕ್ಕೂ ಇದು ಹೊಂದುತ್ತದೆ. 30 ಗ್ರಾಂ ತೂಗುವ ಕುಳ್ಳ ಜಾತಿಗೆ ಇದೇ ರೀತಿ ಲೆಕ್ಕಹಾಕಿದರೆ 10 ಕಿಲೊಕ್ಯಾಲೊರಿ ಬರುತ್ತದೆ. ಬಿಡಿಸಿ ನೋಡುವ ಕೆಲಸವನ್ನು ವಿದ್ಯಾರ್ಥಿಗಳಿಗೆ ಬಿಡುತ್ತೇವೆ.

ಒಂದು ಇಡೀ ಗೋಡಂಬಿ ಸುಮಾರು ಒಂದೂವರೆ ಗ್ರಾಂ. ಅದರಲ್ಲಿ 8 ಕಿಲೊಕ್ಯಾಲೊರಿಗಳಿವೆ. ಸಿರಿಯಾ ಹ್ಯಾಮ್‌ಸ್ಟರಿಗೆ ಇದು ದಿನದ ಅಗತ್ಯದ ಕಾಲುಭಾಗಕ್ಕಿಂತ ಹೆಚ್ಚು. ಕುಳ್ಳ ಹ್ಯಾಮ್‌ಸ್ಟರಿಗೆ ಐದರಲ್ಲಿ ನಾಲ್ಕು ಪಾಲು. ಒಂದು ಕಡಲೆಕಾಯಿ ಬೀಜದಲ್ಲಿ ಸುಮಾರು 3 ಕಿಲೊಕ್ಯಾಲೊರಿ. ಸಿಪ್ಪೆ ತೆಗೆದ ಸೂರ್ಯಕಾಂತಿಯ ಬೀಜವೊಂದರಲ್ಲಿ ಕಿಲೊಕ್ಯಾಲೊರಿಯ ಮೂರನೆಯ ಒಂದು ಪಾಲಿನಷ್ಟು. ಒಂದು ಗ್ರಾಂ ಗಜ್ಜರಿಯಲ್ಲಿಯಾದರೋ ಅರ್ಧ ಕಿಲೊಕ್ಯಾಲೊರಿಯೂ ಇಲ್ಲ. ತಿನಿಸುಗಳೆಲ್ಲ ಸೇರಿ ದಿನದ ಶಕ್ತಿಯ ಹತ್ತನೆಯ ಒಂದು ಪಾಲನ್ನು ಮೀರಬಾರದೆಂಬುದು ಪಶುವೈದ್ಯರು ಸಾಮಾನ್ಯವಾಗಿ ಹೇಳುವ ಮಿತಿ. ಅದರಂತೆ ದೊಡ್ಡದಕ್ಕೆ ದಿನಕ್ಕೆ 3 ಕಿಲೊಕ್ಯಾಲೊರಿ, ಚಿಕ್ಕದಕ್ಕೆ 1. ದೊಡ್ಡದಕ್ಕೆ ಒಂದು ಕಡಲೆಕಾಯಿ ಬೀಜ ಕೊಟ್ಟರೆ ಅಂದಿನ ಪಾಲು ತೀರಿತು. ಚಿಕ್ಕದಕ್ಕೆ ಮೂರು ಸೂರ್ಯಕಾಂತಿ ಬೀಜ, ಅಷ್ಟೆ. ಮನೆಯಲ್ಲಿ ನಾಲ್ವರಿದ್ದು ನಾಲ್ವರೂ ಒಬ್ಬರಿಗೊಬ್ಬರು ಹೇಳದೆ ಕೊಟ್ಟರೆ ಏನಾಗುತ್ತದೆಂದು ಊಹಿಸಬಹುದು. ಪಂಜರದ ಪಕ್ಕದಲ್ಲಿ ಒಂದು ಚಿಕ್ಕ ಡಬ್ಬಿಯನ್ನಿಟ್ಟು, ಬೆಳಗ್ಗೆ ಅಂದಿನ ಪಾಲನ್ನು ಅದರಲ್ಲಿ ಹಾಕಿ, ಯಾರು ಕೊಟ್ಟರೂ ಅದರಿಂದಲೇ ಕೊಡುವುದು ನಮಗೆ ತಿಳಿದ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯ ಉಪಾಯ.

ಸೂರ್ಯಕಾಂತಿಯ ಬೀಜದ ಮೇಲೆ ಹ್ಯಾಮ್‌ಸ್ಟರಿಗೆ ಇರುವ ಆಸೆಯನ್ನು ಬೇರೆಯಾಗಿ ಹೇಳಬೇಕು. ಅದರ ತಿರುಳಿನಲ್ಲಿ ಅರ್ಧದಷ್ಟು ಎಣ್ಣೆ. ಸುಣ್ಣದ ಅಂಶ ಬಹಳ ಕಡಮೆ. ನಾನಾ ಕಾಳುಗಳ ಮಿಶ್ರಣವನ್ನು ಬಟ್ಟಲಿಗೆ ಹಾಕಿದರೆ ಹ್ಯಾಮ್‌ಸ್ಟರ್ ಇದನ್ನೇ ಆರಿಸಿ ತಿಂದು ಉಳಿದುದನ್ನು ಬಿಡುತ್ತದೆ. ಬಟ್ಟಲು ಬರಿದಾಗಲಿಲ್ಲ, ಆದರೂ ಮೈ ದಪ್ಪವಾಗುತ್ತಿದೆ ಎಂದು ಆಶ್ಚರ್ಯಪಡುವವರು ಬಟ್ಟಲಿನಲ್ಲಿ ಉಳಿದಿರುವುದು ಯಾವುದೆಂದು ನೋಡಬೇಕು.

ಯಾವುದು ಬೇಡ?

ಚಾಕೊಲೇಟು ಕೂಡದು, ಅದರ ಥಿಯೋಬ್ರೋಮಿನ್ ಹೃದಯವನ್ನೂ ನರಗಳನ್ನೂ ಉದ್ರೇಕಿಸುವ ವಿಷ, ಜೊತೆಗೆ ಸಕ್ಕರೆ, ಕೊಬ್ಬು, ಅಂಟು ಎಲ್ಲವೂ ಅದರಲ್ಲಿವೆ. ಈರುಳ್ಳಿ, ಬೆಳ್ಳುಳ್ಳಿಗಳಲ್ಲಿರುವ ಗಂಧಕದ ಸಂಯುಕ್ತಗಳು ನಾಯಿ, ಬೆಕ್ಕು, ದನಗಳಲ್ಲಿ ರಕ್ತಕಣಗಳನ್ನು ನಾಶಮಾಡುವುದು ಸಿದ್ಧವಾಗಿದೆ; 120 ಗ್ರಾಂ ತೂಕದ ಪ್ರಾಣಿಯ ಮೇಲೆ ಅದನ್ನು ಪರೀಕ್ಷಿಸಿ ನೋಡುವ ಅಗತ್ಯವಿಲ್ಲ. ಬೆಣ್ಣೆಹಣ್ಣು, ಹಸಿರು ತಿರುಗಿದ ಆಲೂಗೆಡ್ಡೆ, ಟೊಮೇಟೊ ಗಿಡದ ಎಲೆ ಮತ್ತು ತೊಟ್ಟು, ಕಹಿ ಬಾದಾಮಿ, ಸೇಬಿನ ಬೀಜ ಇವೂ ಬೇಡ. ಬೇಯಿಸದ ರಾಜ್ಮಾ ಕಾಳಿನಲ್ಲಿ ರಕ್ತಕಣಗಳನ್ನು ಒಂದಕ್ಕೊಂದು ಅಂಟಿಸುವ ಒಂದು ಸಸಾರಜನಕವಿದ್ದು ಕರುಳನ್ನು ಕೆಡಿಸುತ್ತದೆ. ರಸೆಲ್ ಸೋದರರ ಹ್ಯಾಮ್‌ಸ್ಟರ್ ಹುರುಳಿಕಾಯಿಯನ್ನು ತುಂಬಿಕೊಂಡಿತ್ತಲ್ಲವೆ ಎಂದು ಜಾಣ ವಾಚಕರು ಕೇಳಬಹುದು. ಅದು ಎಳೆಯ ಕಾಯಿ, ಬಲಿತ ಕಾಳಲ್ಲ. ಅಲ್ಲದೆ ಅದು ಇದ್ದುದು ಚೀಲದಲ್ಲಿ, ಜಠರದಲ್ಲಲ್ಲ. ಕಿತ್ತಳೆ, ನಿಂಬೆಗಳ ಹುಳಿಯೂ ಉಪ್ಪು, ಖಾರ, ಒಗ್ಗರಣೆ ಬಿದ್ದ ಅಡುಗೆಯೂ ಬೇಡವೆಂದು ಹೇಳಬೇಕಾಗಿಲ್ಲ. ಕಡಲೆಕಾಯಿಯನ್ನು ಕೊಡುವುದಾದರೆ ಬೂಸಲಿನ ವಾಸನೆಯನ್ನಾಗಲಿ ಸುಕ್ಕನ್ನಾಗಲಿ ಕಂಡ ಬೀಜವನ್ನು ಎಸೆಯಿರಿ. ಆ ಬೂಸಲಿನ ಅಫ್ಲಟಾಕ್ಸಿನ್ ಯಕೃತ್ತಿಗೆ ವಿಷ.

ಸಿಹಿಯ ಮಾತು ಇನ್ನೂ ಗಂಭೀರವಾದುದು. ಹ್ಯಾಮ್‌ಸ್ಟರಿಗೆ ಸಿಹಿಯೆಂದರೆ ಬಹಳ ಇಷ್ಟ. ಆದರೆ 1959ರಲ್ಲಿ ಪ್ರಯೋಗಾಲಯದ ಚೀನಾ ಹ್ಯಾಮ್‌ಸ್ಟರುಗಳಲ್ಲಿ ತಾನಾಗಿಯೇ ಉಂಟಾಗುವ ಮಧುಮೇಹವನ್ನು ವಿಜ್ಞಾನಿಗಳು ವರದಿಮಾಡಿದರು; ಕುಳ್ಳ ಜಾತಿಗಳಲ್ಲಿ ಕ್ಯಾಂಪ್‌ಬೆಲ್ಲನ ಹ್ಯಾಮ್‌ಸ್ಟರಿಗೂ ಈ ಒಲವುಂಟು. ಈ ರೋಗ ವಂಶಪಾರಂಪರ್ಯವಾಗಿ ಬರತಕ್ಕದ್ದು, ದ್ರಾಕ್ಷಿಯೊಂದರಿಂದ ಹುಟ್ಟುವುದಲ್ಲ. ಆದರೂ ಮೊದಲೇ ಸೋಲಲಿರುವ ಶರೀರದ ಮೇಲೆ ಸಕ್ಕರೆಯ ಹೊರೆ ಹೊರಿಸುವುದು ಯಾವ ನ್ಯಾಯ? ಕುಳ್ಳ ಹ್ಯಾಮ್‌ಸ್ಟರುಗಳಿಗೆ ಹಣ್ಣನ್ನು ಕೊಡದಿರುವುದೇ ಲೇಸು. ದೊಡ್ಡದಕ್ಕೆ ವಾರಕ್ಕೊಮ್ಮೆ ಬೀಜ ತೆಗೆದ ಸೇಬಿನ ಒಂದು ಚೂರು, ಬಟಾಣಿ ಕಾಳಿನಷ್ಟು, ಸಾಕು. ಒಣದ್ರಾಕ್ಷಿಯಲ್ಲಿ ತೂಕದ ಅರ್ಧಕ್ಕೂ ಹೆಚ್ಚು ಸಕ್ಕರೆ, ಮೇಲೆ ಅಂಟುತ್ತದೆ. ಅಂಗಡಿಗಳಲ್ಲಿ ಹ್ಯಾಮ್‌ಸ್ಟರಿನ ಚಿತ್ರದೊಡನೆ ಮಾರುವ ಬಣ್ಣಬಣ್ಣದ ಮೊಸರಿನ ಗುಳಿಗೆಗಳ ಪೊಟ್ಟಣವನ್ನು ತಿರುಗಿಸಿ ಓದಿದರೆ ಮೊದಲ ಹೆಸರುಗಳು ಸಕ್ಕರೆ ಮತ್ತು ಕೊಬ್ಬು ಎಂದು ಕಾಣುತ್ತವೆ. ಚಿತ್ರಕ್ಕಿಂತ ಹಿಂಬದಿಯ ಸಣ್ಣಕ್ಷರ ಹೆಚ್ಚು ಪ್ರಾಮಾಣಿಕ.

ಯಾವುದು ಸರಿ?

ಹಾಗಾದರೆ ಏನನ್ನೂ ಕೊಡಬಾರದೆ? ಧಾರಾಳವಾಗಿ ಕೊಡಬಹುದು. ಗಜ್ಜರಿ, ಸೌತೆಕಾಯಿ, ಹೂಕೋಸು, ಹಸಿರು ಬಟಾಣಿ, ಖಾರವಿಲ್ಲದ ದಪ್ಪ ಮೆಣಸಿನಕಾಯಿ ಇವುಗಳ ಕಿರುಬೆರಳಿನ ಉಗುರಿನಷ್ಟು ಚೂರು ಒಳ್ಳೆಯ ತಿನಿಸು. ಎಣ್ಣೆ, ಉಪ್ಪುಗಳಿಲ್ಲದೆ ಬೇಯಿಸಿದ ಮೊಟ್ಟೆಯ ಬಿಳಿಯ ಭಾಗವನ್ನು ಕಡಲೆಕಾಳಿನಷ್ಟು ಕೊಟ್ಟರೆ ಸಸಾರಜನಕ ದೊರೆಯುತ್ತದೆ. ಎಲ್ಲಕ್ಕಿಂತ ನಮಗೆ ಮೆಚ್ಚಿಕೆಯಾದುದು ನವಣೆಯ ತೆನೆ. ಹೊರದೇಶಗಳಲ್ಲಿ ಸಾಕುಪ್ರಾಣಿಗಳಿಗೆಂದು ಬೆಲೆ ಕೊಟ್ಟು ಕೊಳ್ಳುವ ತೆನೆ ನಮ್ಮ ಬಯಲುಸೀಮೆಯ ಹೊಲಗಳಲ್ಲಿ ಬೆಳೆಯುವ ಈ ನವಣೆಯೇ. ಒಂದು ಅಂಗುಲದ ತುಂಡನ್ನು ಪಂಜರದ ಕಂಬಿಗೆ ಸಿಕ್ಕಿಸಿದರೆ ಹ್ಯಾಮ್‌ಸ್ಟರ್ ಹಿಂಗಾಲಿನ ಮೇಲೆ ನಿಂತು, ಒಂದೊಂದೇ ಕಾಳನ್ನು ಬಿಡಿಸಿ, ಸಿಪ್ಪೆ ಸುಲಿದು ತಿನ್ನುತ್ತದೆ. ತೃಪ್ತಿ ಹೆಚ್ಚು, ಕಾಲವೂ ಹೆಚ್ಚು ಹಿಡಿಯುತ್ತದೆ, ಹೊಟ್ಟೆಗೆ ಹೋಗುವುದು ಸ್ವಲ್ಪ. ಅದರ ಬಾಚಿಹಲ್ಲುಗಳು ಜೀವಮಾನವೆಲ್ಲ ಬೆಳೆಯುತ್ತಲೇ ಇರುವುದರಿಂದ ಕಡಿಯುವ ಕೆಲಸ ಅದಕ್ಕೆ ಬೇಕು.

ಹಸಿಯ ಪದಾರ್ಥವನ್ನು ತೊಳೆದು, ಒರಸಿ, ತಂಪುಪೆಟ್ಟಿಗೆಯ ಚಳಿ ಹೋದ ಮೇಲೆ ಕೊಡಿ. ಹೊಸದನ್ನು ಒಂದು ಬಾರಿಗೆ ಒಂದರಂತೆ ಕೊಟ್ಟು ಎರಡು ದಿನ ಹಿಕ್ಕೆಯನ್ನು ಗಮನಿಸಿ, ಮೆತ್ತಗಾದರೆ ನಿಲ್ಲಿಸಿ. ಹ್ಯಾಮ್‌ಸ್ಟರ್ ನಿಶಾಚರಿ, ಹಗಲು ಎಬ್ಬಿಸಿ ತಿನ್ನಿಸಬೇಡಿ, ಸಂಜೆಗತ್ತಲಲ್ಲಿ ತಾನಾಗಿ ಎದ್ದಾಗ ಕೊಡಿ. ಅದರ ಕಣ್ಣು ಮಂದ, ಮೂಗು ಚುರುಕು. ತಿಂಡಿಯ ವಾಸನೆ ಹತ್ತಿದ ಬೆರಳನ್ನು ಅದು ತಿಂಡಿಯೆಂದೇ ತಿಳಿದು ಕಚ್ಚುತ್ತದೆ; ಕೈ ತೊಳೆದುಕೊಂಡು, ತಿನಿಸನ್ನು ಚಾಚಿದ ಅಂಗೈಯ ಮೇಲಿಟ್ಟು ಕೊಡುವುದು ಇಬ್ಬರಿಗೂ ಕ್ಷೇಮ.

ಕೊಟ್ಟ ಮೇಲೂ ಒಂದು ಕೆಲಸ ಉಳಿದಿದೆ. ಚೀಲದಲ್ಲಿ ಸಾಗಿಸಿದ ಸೌತೆಕಾಯಿಯ ಚೂರು ಗೂಡಿನ ಮೂಲೆಯ ಉಗ್ರಾಣದಲ್ಲಿ ಎರಡು ದಿನ ಬಿದ್ದರೆ, ನಮ್ಮ ಮಳೆಗಾಲದ ಹವೆಯಲ್ಲಿ ಬೂಸಲು ಕಟ್ಟದೆ ಇರದು. ಪ್ರತಿದಿನ ಹಸಿಯ ಚೂರುಗಳನ್ನು ಮಾತ್ರ ತೆಗೆಯಬೇಕು. ಒಣ ಕಾಳಿನ ರಾಶಿಯನ್ನು ಪೂರ್ತಿಯಾಗಿ ದೋಚಿದರೆ ಪ್ರಾಣಿ ಕಳವಳಗೊಳ್ಳುತ್ತದೆ. ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯ ಮೇಲೆ ಬಟ್ಟಲಿನಲ್ಲಿ ಕೂರಿಸಿ ತೂಗಿ, ಒಂದು ಪುಸ್ತಕದಲ್ಲಿ ಬರೆದಿಡಿ. ನೂರು ಗ್ರಾಮಿನ ಪ್ರಾಣಿಯಲ್ಲಿ ಹತ್ತು ಗ್ರಾಂ ಏರಿಳಿದರೆ ಕಣ್ಣಿಗೆ ಕಾಣದು, ತಕ್ಕಡಿಗೆ ಕಾಣುತ್ತದೆ. ಏರುತ್ತಿದ್ದರೆ ಕಡಮೆಮಾಡಬೇಕಾದುದು ನಿತ್ಯದ ಊಟವನ್ನಲ್ಲ, ತಿನಿಸನ್ನು. ಇಳಿಯುತ್ತಿದ್ದು, ಹೆಚ್ಚಾಗಿ ನೀರು ಕುಡಿದು ಹಾಸನ್ನು ತೋಯಿಸುತ್ತಿದ್ದರೆ ಮಧುಮೇಹದ ಶಂಕೆಯಿಂದ ವೈದ್ಯರಿಗೆ ತೋರಿಸಬೇಕು.

ತಿನಿಸಿನಿಂದ ಇನ್ನೊಂದು ಉಪಯೋಗವುಂಟು. ಬೇಟೆಗೆ ಸಿಕ್ಕುವ ಸಣ್ಣ ಪ್ರಾಣಿಗಳು ತಮ್ಮ ಬೇನೆಯನ್ನು ಮುಚ್ಚಿಡುತ್ತವೆ. ಹ್ಯಾಮ್‌ಸ್ಟರ್ ಕಾಯಿಲೆ ಬಿದ್ದದ್ದು ತಿಳಿಯುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ದಿನವೂ ಒಂದೇ ಹೊತ್ತಿಗೆ ಒಂದು ಸೂರ್ಯಕಾಂತಿಯ ಬೀಜವನ್ನು ಕೈಯಿಂದ ಕೊಡುವ ರೂಢಿಯಿದ್ದರೆ, ಅದು ಓಡಿ ಬಾರದ ಸಂಜೆ ನಮಗೆ ಕೂಡಲೆ ತಿಳಿಯುತ್ತದೆ. ಬೀಜವನ್ನು ಮೂಸಿ ಬಿಟ್ಟು ಮೂಲೆಗೆ ಹೋಗಿ ಮುದುಡಿ ಕುಳಿತರೆ ಬಾಲದ ಬುಡ ಒದ್ದೆಯಾಗಿದೆಯೆ, ಕೆನ್ನೆ ಊದಿದೆಯೆ, ಬಾಚಿಹಲ್ಲು ವಕ್ರವಾಗಿ ಬೆಳೆದಿದೆಯೆ ಎಂದು ನೋಡಬೇಕು. ಇವುಗಳಲ್ಲಿ ಯಾವುದೊಂದು ಕಂಡರೂ ಮರುದಿನದವರೆಗೆ ಕಾಯದೆ, ಅದನ್ನು ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು ಪಶುವೈದ್ಯರಲ್ಲಿಗೆ ಕೊಂಡೊಯ್ಯಬೇಕು. ಹೋಗುವಾಗ ಹಿಂದಿನ ಎರಡು ದಿನಗಳಲ್ಲಿ ಯಾರು ಯಾರು ಏನೇನು ತಿನ್ನಿಸಿದರೆಂಬುದನ್ನು ಮನೆಯವರನ್ನೆಲ್ಲ ಕೇಳಿ ಬರೆದುಕೊಂಡು ಹೋಗತಕ್ಕದ್ದು.